ಮೇಣದಲ್ಲಿ ಉಳಿದ ಹೆಸರು

ಜಾವ ದ್ವೀಪದ ಸೆಮಾರಾಂಗ್ ಪಟ್ಟಣದ ಒಂದು ದೊಡ್ಡಾಸ್ಪತ್ರೆಯವರು ಹೋದ ತಿಂಗಳು ಸಭೆ ಮಾಡಿದರು. ಪರದೆಯ ಮೇಲೆ ನಮ್ಮೂರಿನ ಹೆಂಗಸೊಬ್ಬಳ ಎದೆಯ ಚಿತ್ರ ಹಾಕಿ, ಕೆಳಗೆ ಒಂದು ಸಾಲು ಬರೆದಿದ್ದರು: 'ಸ್ಥಳೀಯ ಮೂಢನಂಬಿಕೆಯಿಂದಾಗಿ ಚಿಕಿತ್ಸೆ ಏಳು ತಿಂಗಳು ತಡ.' ಕೂತಿದ್ದವರು ಅಯ್ಯೋ ಪಾಪ ಅನ್ನುವಂತೆ ತಲೆಯಾಡಿಸಿದರು. ನಾನು ಹಿಂದಿನ ಸಾಲಿನಲ್ಲಿದ್ದೆ. ಆ ಏಳು ತಿಂಗಳಲ್ಲಿ ಯಾವ ಯಾವ ಬಾಗಿಲು ಮುಚ್ಚಿತ್ತು ಅಂತ ನನಗೆ ಗೊತ್ತು, ಯಾಕೆಂದರೆ ಅದರಲ್ಲಿ ಅರ್ಧದಷ್ಟನ್ನು ನಾನೇ ಬಡಿದಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವಳ ಹೆಸರು ತುಮಿ. ವಯಸ್ಸು ನಲವತ್ತೊಂಬತ್ತು. ಊರು ಲಾಸೆಮ್. ಗಂಡ ಮೀನಿನ ದೋಣಿಯಲ್ಲಿ ಹೋದವನು ಇಪ್ಪತ್ತು ವರ್ಷವಾಯಿತು, ಬರಲಿಲ್ಲ. ಮನೆಯಲ್ಲಿ ಅವಳು, ಅವಳ ತಾಯಿಯ ಅಕ್ಕ, ಎರಡು ಬಾತುಕೋಳಿ. ಕೆಲಸ ಬಾತಿಕ್, ಅದರಲ್ಲೂ ಬಟ್ಟೆಯ ಬೆನ್ನು ಬರೆಯುವುದು. ಒಬ್ಬಳು ಬಟ್ಟೆಯ ಮುಖದ ಮೇಲೆ ಕಾದ ಮೇಣದಲ್ಲಿ ಹಕ್ಕಿ, ಬಳ್ಳಿ ಬರೆದು ಕೊಟ್ಟರೆ, ತುಮಿ ಅದನ್ನು ತಿರುಗಿಸಿ ಹಿಡಿದು ಅದೇ ಗೆರೆಗಳ ಮೇಲೆ ಇನ್ನೊಮ್ಮೆ ಮೇಣ ಎಳೆಯುತ್ತಾಳೆ. ಹಾಗೆ ಎಳೆದರೇ ಬಣ್ಣದಲ್ಲಿ ಅದ್ದಿದಾಗ ಎರಡೂ ಕಡೆ ಒಂದೇ ಥರ ಏಳುವುದು. ಮುಖ ಬರೆದವಳನ್ನು ಜನ ಹೊಗಳುತ್ತಾರೆ. ಬೆನ್ನು ಬರೆದವಳನ್ನು ಕೇಳುವವರಿಲ್ಲ.

ಹದಿನೆಂಟು ವರ್ಷದ ಹಿಂದೆ ಅವಳ ಧಣಿ, 'ಬೆನ್ನು ಯಾರು ನೋಡ್ತಾರೆ' ಅಂತ ಹೇಳಿ ಬೆನ್ನು ಬರೆಯುವ ಹನ್ನೊಂದು ಹೆಂಗಸರನ್ನು ಮನೆಗೆ ಕಳಿಸಿಬಿಟ್ಟ. ನಾನಾಗ ಕೆಲಸಗಾರರ ಸಂಘದಲ್ಲಿದ್ದೆ. ಮೆರವಣಿಗೆ, ಘೋಷಣೆ, ಮನವಿಪತ್ರ ಅಂತ ಒಂದು ಪಟ್ಟಿ ಮಾಡಿಕೊಂಡು ಹೋದೆ. ಪಟ್ಟಿ ಓದಿ ಅವಳು ನಕ್ಕಳು.

"ಕಾಂಗ್ ದಾರ್ಸೊ, ಇಷ್ಟೆಲ್ಲ ಕೂಗಿದ್ರೆ ನಿನ್ನ ಗಂಟಲು ಹೋಗುತ್ತೆ ಅಷ್ಟೆ." ನಮ್ಮಲ್ಲಿ ಅಣ್ಣನಂಥವರನ್ನು ಕಾಂಗ್ ಅನ್ನುತ್ತಾರೆ, ಅವಳ ಬಾಯಲ್ಲಿ ಮಾತ್ರ ಅದು ಮೂರ್ಖ ಅಂದ ಹಾಗೆ ಕೇಳಿಸುತ್ತದೆ.

ಸುರಬಾಯದಿಂದ ದೊಡ್ಡ ಗಿರಾಕಿಗಳು ಬರುವ ದಿನ ನೋಡಿಕೊಂಡು ಅವಳು ಧಣಿಯ ಅಂಗಡಿಗೆ ನುಗ್ಗಿದಳು. ಬೆನ್ನು ಬರೆಯದ ಹೊಸ ಬಟ್ಟೆಗಳನ್ನೆಲ್ಲ ತೂಗುಹಾಕಿದಲ್ಲೇ ತಿರುಗಿಸಿಬಿಟ್ಟಳು. ಹಕ್ಕಿಗಳು ಮಂಕಾಗಿ, ಬಳ್ಳಿಗಳು ಕಲಸಿಹೋಗಿ, ಬಟ್ಟೆಯೆಲ್ಲ ಹುಣ್ಣಾದ ಚರ್ಮದ ಹಾಗೆ ಕಂಡಿತು. ಗಿರಾಕಿಗಳು ಚಹಾ ಕೂಡ ಕುಡಿಯದೆ ಎದ್ದು ಹೋದರು. ಐದನೇ ದಿನಕ್ಕೆ ಹನ್ನೊಂದು ಹೆಂಗಸರೂ ಕೆಲಸಕ್ಕೆ ವಾಪಸಾಗಿದ್ದರು. ನನ್ನ ಪಟ್ಟಿ ಜೇಬಲ್ಲೇ ಉಳಿಯಿತು.

ಇಂಥವಳಿಗೆ ಮೂರು ವರ್ಷದ ಹಿಂದೆ ಬೆಳಿಗ್ಗೆ ಎದ್ದಾಗ ಮುಖ ಊದಿಕೊಳ್ಳತೊಡಗಿತು. ಆಮೇಲೆ ಕೆಮ್ಮು. ಅಂಗಾತ ಮಲಗಿದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಊರಿನ ಆರೋಗ್ಯ ಕೇಂದ್ರದಲ್ಲಿ ಮೇಣದ ಹೊಗೆ ಅಂದರು, ಕ್ಷಯ ಅಂದರು, ಆರು ತಿಂಗಳು ಮಾತ್ರೆ ನುಂಗಿಸಿದರು. ಕೊನೆಗೆ ಸೆಮಾರಾಂಗಿನಲ್ಲಿ ಚಿತ್ರ ತೆಗೆದಾಗ ಎದೆಮೂಳೆಯ ಹಿಂದೆ ಮುಷ್ಟಿಯಷ್ಟು ಗಡ್ಡೆ ಕಂಡಿತು. ಫೆಬ್ರವರಿಯಲ್ಲಿ ಎದೆ ಸೀಳಿ ತೆಗೆದರು. ದೊಡ್ಡ ರಕ್ತನಾಳಕ್ಕೆ ಅಂಟಿಕೊಂಡ ಒಂದು ಚೂರನ್ನು ಮುಟ್ಟಲಾಗಲಿಲ್ಲ. ಆಮೇಲೆ ಡ್ರಿಪ್ಪಿನಲ್ಲಿ ಮದ್ದು ಹಾಕಿದರು. ಕೂದಲು ಹೋಯಿತು, ಚೂರು ಹೋಗಲಿಲ್ಲ. ಜುಲೈ ಹೊತ್ತಿಗೆ ಅದು ಎಡಗಡೆ ಶ್ವಾಸಕೋಶದ ಹೊದಿಕೆಯ ಮೇಲೆ ಪಾಚಿಯಂತೆ ಹರಡುತ್ತಿತ್ತು.

ಅವಳನ್ನು ನೋಡುತ್ತಿದ್ದ ಡಾಕ್ಟರು ಸಿಹೊಂಬಿಂಗ್ ಎಂಬ ಚಿಕ್ಕ ವಯಸ್ಸಿನ ಹೆಂಗಸು, ಸುಮಾತ್ರದ ಬಾತಾಕ್ ಕಡೆಯವಳು. ಆ ಕಡೆಯವರು ಸುತ್ತಿ ಬಳಸಿ ಮಾತಾಡುವುದಿಲ್ಲ, ಆದರೂ ಇವಳು ತುಮಿಯನ್ನು ಬು ಅನ್ನುತ್ತಿದ್ದಳು, ಅಮ್ಮಾ ಅಂದ ಹಾಗೆ. ಆ ದಿನ ನಾನೂ ಜೊತೆಗಿದ್ದೆ.

"ನೋಡಿ ಬು, ಇದು ಥೈಮಸ್ ಅನ್ನೋ ಗ್ರಂಥಿಯ ಗಡ್ಡೆ," ಅಂದಳು ಡಾಕ್ಟರು. "ಮಕ್ಕಳಲ್ಲಿ ಈ ಗ್ರಂಥಿ ದೊಡ್ಡದಿರುತ್ತೆ. ದೊಡ್ಡವರಾಗ್ತಾ ಒಣಗಿಹೋಗುತ್ತೆ."

"ನಂದು ಒಣಗೋ ಬದಲು ಚಿಗುರಿದೆ. ಎಲ್ಲಾದ್ರಲ್ಲೂ ಉಲ್ಟಾನೇ ನಾನು."

"ಇಂಥ ಗಡ್ಡೆ ಹತ್ತು ಜನರದ್ದು ಇಟ್ಟು ನೋಡಿದ್ರೆ ಹೊರಗೆ ಎಲ್ಲ ಒಂದೇ ಥರ. ಒಳಗಿನ ಬರವಣಿಗೆ ಬೇರೆ ಬೇರೆ. ಹತ್ತರಲ್ಲಿ ಒಬ್ಬರಿಗೆ ಕಿಟ್ ಅನ್ನೋ ಜೀನ್‌ನಲ್ಲಿ ಒಂದು ಅಕ್ಷರ ತಪ್ಪಾಗಿರುತ್ತೆ. ಬೆಳಿ, ಬೆಳಿ ಅನ್ನೋ ಸ್ವಿಚ್ಚು ಆರದೆ ಹಾಗೇ ಸಿಕ್ಕಿಕೊಂಡಿರುತ್ತೆ. ಅದನ್ನ ಆರಿಸೋಕೆ ಒಂದು ಮಾತ್ರೆ ಇದೆ, ಹಳೇದೇ, ಬೇರೆ ಕ್ಯಾನ್ಸರಿಗೆ ಕೊಡೋದು. ನಿಮ್ಮದು ಆ ಥರದ್ದಾದ್ರೆ ಕೇಳುತ್ತೆ. ಅಲ್ಲದಿದ್ರೆ ಸುಮ್ನೆ ಹೊಟ್ಟೆ ಕೆಡಿಸುತ್ತೆ, ಗಡ್ಡೆ ಬೆಳೀತಾ ಇರುತ್ತೆ. ಅದಕ್ಕೇ ಮೊದಲು ಓದಬೇಕು."

"ಮತ್ತೆ ಸೀಳ್ತೀರಾ?"

"ಇಲ್ಲ, ಇಲ್ಲ. ನೀವು ಅಂಗಾತ ಮಲಗೋಕೂ ಆಗಲ್ಲ, ಪಾಚಿ ಕೂತಿರೋ ಜಾಗಕ್ಕೆ ಸೂಜಿ ಹಾಕಿದ್ರೆ ರಕ್ತ ನಿಲ್ಲಲ್ಲ. ಫೆಬ್ರವರೀಲಿ ತೆಗೆದ ಗಡ್ಡೆಯ ತುಂಡು ಕೆಳಗೆ ಉಗ್ರಾಣದಲ್ಲಿದೆ, ಮೇಣದಲ್ಲಿ ಹೂತಿಟ್ಟಿದ್ದೀವಿ. ಅದನ್ನ ಜಕಾರ್ತದ ಲ್ಯಾಬಿಗೆ ಕಳಿಸಬೇಕು. ನೀವು ಒಂದು ಸಹಿ ಹಾಕಬೇಕು, ಕರೀತಾರೆ."

ತುಮಿಗೆ ಮೇಣ ಅಂದ ತಕ್ಷಣ ಕಿವಿ ನೆಟ್ಟಗಾಯಿತು. "ಯಾವ ಮೇಣ?"

ಡಾಕ್ಟರು ಮೇಜಿನ ಡ್ರಾಯರಿನಿಂದ ಯಾರದೋ ಹಳೆಯ ಮಾದರಿ ತೆಗೆದು ತೋರಿಸಿದಳು. ಬೆಂಕಿಪೆಟ್ಟಿಗೆಗಿಂತ ಚಿಕ್ಕ ಬಿಳಿ ಇಟ್ಟಿಗೆ, ಒಳಗೆ ಕಂದು ಚೂರು. ತುಮಿ ಉಗುರಿನಿಂದ ಕೆರೆದು ಮೂಸಿ ನೋಡಿದಳು. "ಬರೀ ಪ್ಯಾರಾಫಿನ್ನು. ರಾಳ ಸೇರಿಸಿಲ್ಲ, ಜೇನುಮೇಣ ಇಲ್ಲ. ಬಿರುಕು ಬಿಡುತ್ತೆ. ಆದ್ರೆ ಒಳಗಿದ್ದದ್ದು ಕೆಡಲ್ಲ ಬಿಡಿ, ಮೇಣದೊಳಗೆ ಏನೂ ಹೋಗಲ್ಲ."

"ಹತ್ತು ವರ್ಷ ಇಟ್ರೂ ಓದಬಹುದು," ಅಂದಳು ಡಾಕ್ಟರು.

ಇಷ್ಟೇ ವಿಷಯ. ಇದ್ದ ಒಂದೇ ಒಂದು ತುಂಡು ಮೇಣದೊಳಗಿತ್ತು. ಅದು ಜಕಾರ್ತಕ್ಕೆ ಹೋದರೆ ಅವಳಿಗೆ ಮಾತ್ರೆ ಸಿಗುತ್ತದೋ ಇಲ್ಲವೋ ತಿಳಿಯುತ್ತದೆ. ಹೋಗದಿದ್ದರೆ ಪಾಚಿ ಹರಡುತ್ತದೆ. ಒಂದು ಸಹಿಯ ಕೆಲಸ.

ಆಗ ಅವಳ ಹೆಸರು ತುಮಿ ಆಗಿರಲಿಲ್ಲ. ಅವಳಪ್ಪ ಗಮೆಲಾನ್ ವಾದ್ಯ ಬಾರಿಸುತ್ತಿದ್ದವನು. ಅರಮನೆಯ ಕಥೆಗಳನ್ನು ತಲೆಗೇರಿಸಿಕೊಂಡು ಮಗಳಿಗೆ ರೆತ್ನಾನಿಂಗ್ರುಮ್ ಅಂತ ಹೆಸರಿಟ್ಟಿದ್ದ. ಈಗ ಆ ಹೆಸರನ್ನು ಬರೆಯಬಹುದು, ಕೂಗಬಾರದು ಅಂತ ಅವಳ ದೊಡ್ಡಮ್ಮನ ಅಪ್ಪಣೆ. ಆ ದೊಡ್ಡಮ್ಮನನ್ನು ಊರೆಲ್ಲ ಬುದೆ ಅಂತ ಕರೆಯುತ್ತದೆ, ಎಪ್ಪತ್ತಾರು ವರ್ಷ, ಬಾಯಲ್ಲಿ ನಾಲ್ಕು ಹಲ್ಲು, ನಾಲ್ಕೂ ಚೂಪು.

ಆ ಜುಲೈ ಕೊನೆಗೆ ತುಮಿಗೆ ಜ್ವರ ಏರಿ ಎಂಟು ದಿನ ಎಚ್ಚರವಿರಲಿಲ್ಲ. ಒಂಬತ್ತನೇ ದಿನ ಬುದೆ ಸೆರಗು ಕಟ್ಟಿ ನಿಂತಳು. "ಹೆಸರು ಭಾರ ಆಗಿದೆ. ಅರಮನೆ ಹೆಸರನ್ನ ಈ ಗುಡಿಸಿಲಿಗೆ ತಂದಿಟ್ಟ ನನ್ನ ತಂಗಿ ಗಂಡ. ಹೊತ್ತು ಹೊತ್ತು ಇವಳ ಎದೆ ಒಡೆದಿದೆ." ಕೆಂಪು ಗಂಜಿ, ಬಿಳಿ ಗಂಜಿ ಬೇಯಿಸಿದಳು. ಬೀದಿಯವರನ್ನೆಲ್ಲ ಚಾಪೆ ಮೇಲೆ ಕೂರಿಸಿ ಹೇಳಿದಳು: "ಇವತ್ತಿಂದ ಇವಳು ತುಮಿ. ಕೇಳಿಸ್ಕೊಂಡ್ರಾ? ಹಳೇ ಹೆಸರು ಕೂಗಿದ್ರೆ ಕಾಯಿಲೆಗೆ ಕೇಳುತ್ತೆ. ಯಾರಾದ್ರೂ ಕೂಗಿದ್ರೆ ಇವಳು ಓಗೊಡಬಾರದು. ಓಗೊಟ್ರೆ ಅದು ತಿರುಗಿ ಬರುತ್ತೆ." ನಾವು ಗಂಜಿ ತಿಂದು ಹೂಂ ಅಂದೆವು. ಮೂರನೇ ದಿನಕ್ಕೆ ಜ್ವರ ಇಳಿಯಿತು. ಕೊಟ್ಟಿದ್ದ ಇಂಜೆಕ್ಷನ್ನೋ ಗಂಜಿಯೋ, ನಾನು ವಾದಕ್ಕೆ ಹೋಗುವುದಿಲ್ಲ. ಜಾವದಲ್ಲಿ ಹೀಗೆ ಹೆಸರು ಬದಲಾದವರು ಬೀದಿಗೊಬ್ಬರು ಸಿಗುತ್ತಾರೆ.

ತಪ್ಪು ನಾನೂ ಮಾಡಿದೆ. ಕಚೇರಿಗಳಲ್ಲಿ ಬಾಯಿಮಾತು ನಡೆಯುವುದಿಲ್ಲ ಅಂತ ಜೀವಮಾನವಿಡೀ ಕಲಿತವನು ನಾನು. ಕೋರ್ಟಿಗೆ ಓಡಾಡಿ ಹೆಸರು ಬದಲಾವಣೆಯ ಆದೇಶ ತಂದೆ. ಗುರುತಿನ ಚೀಟಿ, ಆರೋಗ್ಯ ಕಾರ್ಡು, ಎಲ್ಲ ತುಮಿ ಹೆಸರಿಗೆ ಮಾಡಿಸಿದೆ. ಎದೆ ಉಬ್ಬಿಸಿಕೊಂಡು ತಿರುಗಾಡಿದೆ. ಆಸ್ಪತ್ರೆಯ ಉಗ್ರಾಣಕ್ಕೆ ಮಾತ್ರ ಒಂದು ನಕಲು ಕೊಡಲಿಲ್ಲ. ಹೊಳೆಯಲೇ ಇಲ್ಲ.

ಕರೆದ ದಿನ ತುಮಿ, ಬುದೆ ಇಬ್ಬರೇ ಬೆಳಗಿನ ಬಸ್ಸಿಗೆ ಹೋದರು. ಅಲ್ಲಿ ನಡೆದದ್ದನ್ನು ತುಮಿ ನನಗೆ ಅಭಿನಯಿಸಿ ತೋರಿಸಿದ್ದಾಳೆ. ಮೊದಲು ಚೀಟಿ ಮಾಡಿಸುವ ಕಿಟಕಿ.

"ಹೆಸರು?"

"ತುಮಿ."

ಕಿಟಕಿಯವನು ಕಂಪ್ಯೂಟರಿನಲ್ಲಿ ಕುಟ್ಟಿದ. "ಹೊಸಬರಾ?"

"ಇಲ್ಲಪ್ಪ. ಫೆಬ್ರವರೀಲಿ ಇಲ್ಲೇ ಎದೆ ಸೀಳಿದ್ದು."

"ತುಮಿ ಅನ್ನೋರಿಗೆ ಇಲ್ಲಿ ಏನೂ ಸೀಳಿಲ್ಲ. ಒಂದು ಸೂಜಿನೂ ಚುಚ್ಚಿಲ್ಲ. ನಿಮಗೆ ಯಾವ ಕಾಯಿಲೆನೂ ಇಲ್ಲ, ಬು."

ಬುದೆ ಕುಣಿದುಬಿಟ್ಟಳಂತೆ. "ನೋಡಿದ್ಯೇನೇ! ಕಂಪ್ಯೂಟರಿಗೂ ಗೊತ್ತಾಗಿದೆ! ನನ್ನ ಗಂಜಿ ಏನು ಅಂತ ತಿಳ್ಕೊಂಡಿದ್ದೆ?"

ಆದರೂ ಬಂದ ಕೆಲಸ ಅಂತ ಇಬ್ಬರೂ ಒಳಗಿನ ಹಾಲಿನಲ್ಲಿ ಕೂತರು. ಸಹಿ ಹಾಕಿಸಿಕೊಳ್ಳುವ ಗುಮಾಸ್ತ ಹರ್ನೊಕೊ ಎಂಬವನು ಹೊರಗೆ ಬಂದು ಕೂಗಿದ: "ರೆತ್ನಾನಿಂಗ್ರುಮ್!" ಬುದೆ ತುಮಿಯ ಮಣಿಕಟ್ಟು ಗಟ್ಟಿಯಾಗಿ ಹಿಡಿದಳು. "ರೆತ್ನಾನಿಂಗ್ರುಮ್!" ತುಮಿ ನೆಲ ನೋಡಿದಳು. ಮೂರನೇ ಸಲ ಕೂಗಿ ಅವನು ಫೈಲಿನ ಮೇಲೆ 'ಬಂದಿಲ್ಲ' ಅಂತ ಬರೆದ. ಬರೆದವನಿಗೂ ಅವಳಿಗೂ ನಡುವೆ ನಾಲ್ಕು ಹೆಜ್ಜೆ.

"ನಿನಗೆ ತಲೆ ಇಲ್ವಾ?" ಅಂತ ಆಮೇಲೆ ನಾನು ಕೇಳಿದೆ. "ಹೋಗಿ ನಾನೇ ಅವಳು ಅಂತ ಹೇಳೋಕೇನು?"

"ಎಂಟು ದಿನ ಸತ್ತು ಬಂದವಳು ನಾನು, ನೀನಲ್ಲ," ಅಂದಳು. "ನಾನು ಓಗೊಟ್ಟು ಅದು ತಿರುಗಿ ಬಂದ್ರೆ ನೀನು ಮೆರವಣಿಗೆ ಮಾಡಿ ಓಡಿಸ್ತೀಯಾ?"

ಸೆಪ್ಟೆಂಬರಿನಲ್ಲಿ ಆಸ್ಪತ್ರೆಯಿಂದ ಫೋನು ಬಂದಿತ್ತು, ರೆತ್ನಾನಿಂಗ್ರುಮ್ ಅವರಾ ಅಂತ. ಬುದೆ ಎತ್ತಿ, ಆ ಹೆಸರಿನವರು ಇಲ್ಲಿಲ್ಲ ಅಂತ ಇಟ್ಟಳು. ಅಕ್ಟೋಬರಿನಲ್ಲಿ ಕಾಗದ ಬಂತು. ಅಂಥವರು ಯಾರೂ ಇಲ್ಲ ಅಂತ ಅಂಚೆಯವನ ಕೈಗೇ ವಾಪಸ್ಸು ಕೊಟ್ಟಳು. ಇದೆಲ್ಲ ನನಗೆ ಗೊತ್ತಾದದ್ದು ನವೆಂಬರಿನಲ್ಲಿ. ಡಾಕ್ಟರು ಸಿಹೊಂಬಿಂಗ್ ಆಗಸ್ಟಿನಿಂದಲೇ ತರಬೇತಿಗೆ ಅಂತ ಜಕಾರ್ತಕ್ಕೆ ಹೋಗಿದ್ದಳು. ವಾಪಸು ಬಂದು ಫೈಲು ತೆಗೆದರೆ ಮೇಲೆ ಕೆಂಪು ಮುದ್ರೆ: 'ಸಂಪರ್ಕ ಕಡಿದಿದೆ.' ಅವಳು ಊರ ಹೆಸರು ಹಿಡಿದು ನಮ್ಮ ಸಂಘದ ಕಚೇರಿಗೆ ಫೋನು ಮಾಡಿದಳು, ನಾನೇ ಎತ್ತಿದೆ.

"ರೋಗಿ ಸತ್ತೋದ್ರಾ?" ಅಂತ ಕೇಳಿದಳು.

"ಇಲ್ಲ ಡಾಕ್ಟ್ರೇ, ಇಲ್ಲೇ ಬಾತುಕೋಳಿಗೆ ಬಯ್ತಾ ಕೂತಿದ್ದಾಳೆ. ನೀವೇ ಕರೀಲಿಲ್ಲ ಅಂತ ನಿಮಗೂ ಬಯ್ತಿದ್ದಾಳೆ."

ನಾಲ್ಕು ತಿಂಗಳು ಹೀಗೆ ಹೋಯಿತು. ಈ ನಾಲ್ಕು ನಮ್ಮ ಲೆಕ್ಕಕ್ಕೆ ಹಾಕಿಕೊಳ್ಳಿ, ಬೇಡ ಅನ್ನುವುದಿಲ್ಲ. ಉಳಿದ ಮೂರರ ಕಥೆ ಕೇಳಿ.

ಮರುದಿನವೇ ಕೋರ್ಟಿನ ಆದೇಶ ಹಿಡಿದು ನಾವು ಮೂವರೂ ಹೋದೆವು. ಡಾಕ್ಟರು ತನ್ನ ಕಡೆಯಿಂದ ಚೀಟಿ ಬರೆದುಕೊಟ್ಟಳು. ಹರ್ನೊಕೊ ಆದೇಶವನ್ನು ಎರಡು ಸಲ ಓದಿದ. ತೆಳ್ಳಗಿನ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಮಾತಿನಲ್ಲಿ ಸಕ್ಕರೆ. ಹಿರಿಯರಿಗೆ ಅನ್ನುವ ಹಾಗೆ ನನ್ನನ್ನು ಪಾಕ್ ಅಂದ.

"ಇದು ಆಗಸ್ಟ್ ಆದೇಶ, ಪಾಕ್. ತುಂಡು ಫೆಬ್ರವರಿದು. ಫೆಬ್ರವರೀಲಿ ತುಮಿ ಅನ್ನೋರು ಇರಲಿಲ್ಲ."

"ಇದ್ದಳು, ಬೇರೆ ಹೆಸರಲ್ಲಿ ಇದ್ದಳು. ಆದೇಶದಲ್ಲಿ ಅದೇ ಬರೆದಿದೆ."

"ಇನ್ನೊಬ್ಬರ ಮಾಂಸ ಕೊಡೋ ಹಾಗಿಲ್ಲ. ರೆತ್ನಾನಿಂಗ್ರುಮ್ ಅವರು ಒಪ್ಪಿ ಸಹಿ ಹಾಕಬೇಕು."

"ಅವಳು ಇವಳೇ ಕಣಯ್ಯ!"

"ಹಾಗಾದ್ರೆ ಅವರ ಗುರುತಿನ ಚೀಟಿ ತೋರಿಸಿ."

ಹಳೆಯ ಚೀಟಿಯನ್ನು ಹೊಸದು ಕೊಡುವಾಗಲೇ ಸರ್ಕಾರ ಕತ್ತರಿಸಿ ಹಾಕಿತ್ತು. ನಾನು ಅದನ್ನೂ ಹೇಳಿದೆ. ಅವನು ಮೇಲಿನವರನ್ನು ಕೇಳುತ್ತೇನೆ ಅಂದ. ಹದಿನೈದು ದಿನ. ಮೇಲಿನವರು ಕಾನೂನು ವಿಭಾಗವನ್ನು ಕೇಳಿದರು. ಇಪ್ಪತ್ತು ದಿನ. ಕಾನೂನು ವಿಭಾಗದಿಂದ ಉತ್ತರ ಬಂತು: ಸದರಿ ರೆತ್ನಾನಿಂಗ್ರುಮ್ ಅವರು ಸಹಿ ಮಾಡಲಾಗದ ಸ್ಥಿತಿಯಲ್ಲಿದ್ದರೆ, ಅವರ ಮರಣ ಪ್ರಮಾಣಪತ್ರದೊಂದಿಗೆ ವಾರಸುದಾರರು ಅರ್ಜಿ ಸಲ್ಲಿಸಬಹುದು.

ಈ ವಾಕ್ಯವನ್ನು ಒಬ್ಬ ಮನುಷ್ಯ ಕೂತು ಟೈಪು ಮಾಡಿದ್ದಾನೆ. ಇನ್ನೊಬ್ಬ ಅದಕ್ಕೆ ಮುದ್ರೆ ಒತ್ತಿದ್ದಾನೆ. ಬದುಕಬೇಕು ಅಂತ ಬಂದವಳಿಗೆ, ನೀನು ಸತ್ತ ಚೀಟಿ ತಂದರೆ ಕೊಡ್ತೀವಿ ಅಂತ! ನಾನು ಜೀವಮಾನದಲ್ಲಿ ಲಾಠಿ ತಿಂದಿದ್ದೇನೆ, ಎರಡು ಸಲ ಒಳಗೆ ಹೋಗಿ ಬಂದಿದ್ದೇನೆ. ಪೊಲೀಸರ ಬಗ್ಗೆ ಕೂಡ ಇಷ್ಟು ಸಿಟ್ಟು ಬಂದಿರಲಿಲ್ಲ. ಅವರು ಹೊಡೆಯುವಾಗ ಹೊಡೆಯುತ್ತಿದ್ದೇವೆ ಅಂತ ಅವರಿಗೆ ಗೊತ್ತಿರುತ್ತದೆ. ಅದೇ ಆಸ್ಪತ್ರೆ ಹತ್ತು ವರ್ಷದಲ್ಲಿ ಮೂರು ಸಲ ತನ್ನ ಹೆಸರು ಬದಲಿಸಿದೆ. ಅದರ ಒಂದು ಮೇಜಾಗಲಿ ಒಂದು ಬೀರುವಾಗಲಿ ಕಳೆದುಹೋಗಿಲ್ಲ.

ಅಷ್ಟು ಹೊತ್ತಿಗೆ ತುಮಿ ಕೂತೇ ನಿದ್ದೆ ಮಾಡುತ್ತಿದ್ದಳು, ಎರಡು ಮಾತಿಗೊಮ್ಮೆ ನಿಂತು ಉಸಿರೆಳೆಯುತ್ತಿದ್ದಳು. ಕಾಗದ ಓದಿ ಹೇಳಿದಾಗ ಬುದೆಯ ಕಡೆ ತಿರುಗಿದಳು.

"ಬುದೆ, ನಾನು ಆ ಹೆಸರಿಗೆ ಓಗೊಡ್ತೀನಿ. ಸಾಕಾಯ್ತು. ಬರೋದಾದ್ರೆ ಬರಲಿ."

ಬುದೆ ಎಲೆಅಡಿಕೆ ಉಗುಳಿ ಬಂದಳು. ಮುದುಕಿ ಅಳುತ್ತಾಳೆ ಅಂದುಕೊಂಡೆ, ಅಳಲಿಲ್ಲ. ಲೆಕ್ಕ ಹಾಕುತ್ತಿದ್ದಳು. "ಬೇಡ. ನೀನು ಯಾಕೆ ಓಗೊಡಬೇಕು? ಕಾಯಿಲೆ ಯಾರ ಹೆಸರಲ್ಲಿ ಬಂದಿದ್ದು? ಅವಳ ಹೆಸರಲ್ಲಿ. ಕಾಯಿಲೆ ಸಮೇತ ಅವಳನ್ನ ಕೊಯ್ದು ಮೇಣದಲ್ಲಿ ಹಾಕಿಟ್ಟಿದ್ದಾರೆ. ಅವಳು ಆ ಉಗ್ರಾಣದಲ್ಲೇ ಇದ್ದಾಳೆ. ನೀನು ತುಮಿ. ನೀನು ಹೋಗಿ ಅವಳನ್ನ ಕರ್ಕೊಂಡು ಬರಬೇಕು ಅಷ್ಟೆ. ಒಬ್ಬಳೇ ಹೋಗಬೇಡ."

ಹಾಗಾಗಿ ಜನವರಿ ಕೊನೆಯ ವಾರ ನಾವು ಹೋದೆವು. ಬೆನ್ನು ಬರೆಯುವ ಆ ಹನ್ನೊಂದು ಹೆಂಗಸರಲ್ಲಿ ತುಮಿಯನ್ನು ಬಿಟ್ಟು ಬದುಕಿದ್ದವರು ಎಂಟು ಜನ, ಎಂಟೂ ಜನ ಬಂದರು. ಉಗ್ರಾಣದ ಕಟ್ಟಡದ ಹೊರಗೆ, ಸ್ಕೂಟರು ನಿಲ್ಲಿಸುವ ಮಾಡಿನ ಕೆಳಗೆ ಚಾಪೆ ಹಾಸಿ, ಚಿಕ್ಕ ಒಲೆ ಹಚ್ಚಿ, ಮೇಣದ ಬಾಣಲೆ ಇಟ್ಟು, ಒಂದೊಂದು ಬಟ್ಟೆ ಹರವಿ ಬರೆಯಲು ಕೂತರು. ಘೋಷಣೆ ಇಲ್ಲ, ಬ್ಯಾನರಿಲ್ಲ. ಕಾವಲುಗಾರ ಓಡಿಬಂದ.

"ಬು, ಇಲ್ಲಿ ಏನಿದು? ಎದ್ದೇಳಿ!"

"ನಮ್ಮೋಳೊಬ್ಬಳು ಒಳಗಿದ್ದಾಳಪ್ಪ. ಬರೋವರೆಗೂ ಕೂತಿರ್ತೀವಿ."

"ಯಾರು? ಯಾವ ವಾರ್ಡು?"

"ವಾರ್ಡಲ್ಲಿಲ್ಲ. ಬೀರುವಿನಲ್ಲಿದ್ದಾಳೆ."

ಮೇಣದ ವಾಸನೆ ಕಟ್ಟಡದೊಳಗೆಲ್ಲ ಹಬ್ಬಿತು. ಮೊದಲ ದಿನ ಯಾರೂ ಬರಲಿಲ್ಲ. ಎರಡನೇ ದಿನ ರೋಗಿಗಳ ಮನೆಯವರು ಸುತ್ತ ಕೂತು ತಮ್ಮ ತಮ್ಮ ಕಥೆ ಹೇಳಿಕೊಳ್ಳತೊಡಗಿದರು. ಅಕ್ಷರ ತಪ್ಪಾಗಿ ಎಕ್ಸ್‌ರೇ ಸಿಗದವರು, ಮನೆತನದ ಹೆಸರಿಲ್ಲದೆ ಒಂದೇ ಹೆಸರಿರುವುದಕ್ಕೆ ಫಾರಮ್ಮು ಒಪ್ಪದವರು. ಒಬ್ಬ ಪತ್ರಕರ್ತ ಬಂದ. ಆಗ ಡೈರೆಕ್ಟರ ಕಾರು ಆ ಮಾಡಿನ ಬದಲು ಹಿಂದಿನ ಗೇಟಿನಿಂದ ಹೋಗಲು ಶುರುಮಾಡಿತು.

ಮೂರನೇ ದಿನ ಬುದೆ ಮತ್ತೆ ಕೆಂಪು ಗಂಜಿ, ಬಿಳಿ ಗಂಜಿ ಮಾಡಿದಳು. ಬಾಳೆಲೆಯಲ್ಲಿ ಸುತ್ತಿ ಡಾಕ್ಟರು ಸಿಹೊಂಬಿಂಗ್‌ಗೆ ಕೊಟ್ಟಳು, ಕಾವಲುಗಾರನಿಗೆ ಕೊಟ್ಟಳು, ಹರ್ನೊಕೊನ ಕಿಟಕಿಯಲ್ಲೂ ಇಟ್ಟಳು. "ಇದು ಒಳಗಿರೋಳ ಹೆಸರಲ್ಲಿ, ಮಗಾ. ತಿನ್ನು."

ಹರ್ನೊಕೊ ಗಂಜಿ ನೋಡುತ್ತಾ ಕೂತ. ಆಮೇಲೆ ಬಾಗಿಲು ತೆಗೆದು ಹೊರಗೆ ಬಂದು, ಕಚೇರಿಯ ಒಳಗಿನವರಿಗೆ ಕೇಳಿಸದ ಹಾಗೆ ಅಂದ: "ಬುದೆ, ನಾನು ಹುಟ್ಟಿದಾಗ ಪ್ರಿಯಂಬೊದೊ. ಐದು ವರ್ಷಕ್ಕೆ ಫಿಟ್ಸು ಬಂತು. ನಮ್ಮಜ್ಜಿ ಇದೇ ಗಂಜಿ ಮಾಡಿ ಹರ್ನೊಕೊ ಅಂತ ಇಟ್ಟಳು."

ಹೆಂಗಸರು ಅಯ್ಯೋ ಅಂದರು. ಇಬ್ಬರು ಕಣ್ಣೊರೆಸಿಕೊಂಡರು. ನನಗೆ ಮೈಯೆಲ್ಲ ಉರಿದುಹೋಯಿತು.

"ಹಾಗಾದ್ರೆ ನಿನಗೆ ಗೊತ್ತಿತ್ತು!" ಅಂದೆ. "ಮೂರು ತಿಂಗಳಿಂದ ನಿನಗೆ ಎಲ್ಲ ಅರ್ಥ ಆಗಿತ್ತು!"

"ಅರ್ಥ ಆಗಿತ್ತು, ಪಾಕ್." ತಲೆ ಎತ್ತಲಿಲ್ಲ. "ಫಾರಮ್ಮಲ್ಲಿ ಜಾಗ ಇರಲಿಲ್ಲ."

ಅವನ ಕತ್ತಿನ ಪಟ್ಟಿ ಹಿಡಿಯಲು ಹೋದವನನ್ನು ತುಮಿ ತಡೆದಳು. ಫಾರಮ್ಮು ತಾ ಅಂದಳು, ಅವನು ಮರಣಪತ್ರ ಕೇಳದೆ ವಾರಸುದಾರರ ಫಾರಮ್ಮು ತಂದುಕೊಟ್ಟ. ತುಂಡಿನ ಒಡೆಯರು ಅನ್ನುವ ಕಡೆ ಅವನು ರೆತ್ನಾನಿಂಗ್ರುಮ್ ಅಂತ ಬರೆದಿದ್ದ. ಪಡೆಯುವವರು ಅನ್ನುವ ಕಡೆ ಅವಳು ತುಮಿ ಅಂತ ಬರೆದಳು. ಸಂಬಂಧ ಅನ್ನುವ ಕಡೆ ಪೆನ್ನು ನಿಂತಿತು. ಅಕ್ಕ ಅನ್ನಲಾ, ತಂಗಿ ಅನ್ನಲಾ ಅಂತ ಎಂಟು ಹೆಂಗಸರೂ ಸಲಹೆ ಕೊಟ್ಟರು. ಅವಳು 'ಉಳಿದವಳು' ಅಂತ ಬರೆದು ಸಹಿ ಹಾಕಿದಳು. ಆ ಸಂಜೆ ಬೆಂಕಿಪೆಟ್ಟಿಗೆಗಿಂತ ಚಿಕ್ಕ ಅವಳ ಮೇಣದ ಇಟ್ಟಿಗೆ ಜಕಾರ್ತದ ದಾರಿ ಹಿಡಿಯಿತು. ಹೋಗಲು ಬೇಕಾದದ್ದು ಅರ್ಧ ದಿನ. ಆ ಅರ್ಧ ದಿನಕ್ಕೆ ಅಷ್ಟು ತಿಂಗಳು.

ಫೆಬ್ರವರಿ ಮೂರನೇ ವಾರ ಉತ್ತರ ಬಂತು. ಕಿಟ್ ಜೀನ್‌ನಲ್ಲಿ ತಪ್ಪಿತ್ತು. ಆ ಮಾತ್ರೆಗೆ ಕೇಳುವ ಜಾತಿಯದೇ ತಪ್ಪು. ಹತ್ತರಲ್ಲಿ ಒಬ್ಬಳು ಇವಳೇ. ವರದಿಯ ಮೇಲೆ ಹಳೆಯ ಹೆಸರಿತ್ತು, ಮಾತ್ರೆ ಡಬ್ಬಿಯ ಮೇಲೆ ಹೊಸದು. ಬುದೆ ಎರಡನ್ನೂ ಪಕ್ಕದಲ್ಲಿಟ್ಟು, "ನಾನು ಹೇಳಿರಲಿಲ್ವಾ? ತಪ್ಪು ಇರೋದು ಅವಳಲ್ಲಿ, ಮಾತ್ರೆ ಇರೋದು ಇವಳಿಗೆ," ಅಂತ ಬೀದಿಗೆಲ್ಲ ಸಾರಿದಳು.

ಮಾತ್ರೆ ಕೆಲಸ ಮಾಡಿತು. ಎರಡು ತಿಂಗಳಿಗೆ ತುಮಿ ಉಸಿರು ಕಟ್ಟದೆ ಅಂಗಾತ ಮಲಗಿದಳು. ಮಾತ್ರೆಗೆ ಕಣ್ಣ ಸುತ್ತ ಊದುತ್ತದೆ. "ಮೊದಲು ಕಾಯಿಲೆಗೆ ಊದ್ತಿದ್ದೆ, ಈಗ ಮದ್ದಿಗೆ ಊದ್ತೀನಿ, ಒಟ್ನಲ್ಲಿ ತೆಳ್ಳಗಾಗೋ ಯೋಗ ಇಲ್ಲ," ಅಂತಾಳೆ. ಎಷ್ಟು ದಿನ ಕೇಳುತ್ತದೆ ಅಂತ ಡಾಕ್ಟರಿಗೂ ಗೊತ್ತಿಲ್ಲ, ಮುಚ್ಚಿಟ್ಟೂ ಇಲ್ಲ.

ಆದರೆ ಪಾಚಿ ಆ ಏಳು ತಿಂಗಳು ಸುಮ್ಮನೆ ಕೂತಿರಲಿಲ್ಲ. ಎಡಗಡೆಯ ಶ್ವಾಸಕೋಶ ಮುದುಡಿ ಅಂಟಿಕೊಂಡಿತ್ತು. ಅದು ಮತ್ತೆ ಬಿಚ್ಚಲಿಲ್ಲ, ಬಿಚ್ಚುವುದೂ ಇಲ್ಲ. ಮೇಣದ ಕೊಳವೆ ಹಿಡಿದು ಬರೆಯುವವರು ಪ್ರತಿ ಗೆರೆಗೆ ಮುಂಚೆ ಅದರ ಮೂತಿಗೆ ಒಮ್ಮೆ ಊದುತ್ತಾರೆ, ಇಲ್ಲದಿದ್ದರೆ ಮೇಣ ಕಟ್ಟಿಕೊಳ್ಳುತ್ತದೆ, ಬಟ್ಟೆಗೆ ಹನಿ ಬೀಳುತ್ತದೆ. ದಿನಕ್ಕೆ ಸಾವಿರ ಸಲ ಊದಬೇಕು. ತುಮಿ ಈಗ ಹತ್ತು ಸಲ ಊದಿದರೆ ಗೋಡೆ ಹಿಡಿಯುತ್ತಾಳೆ. ಮೂವತ್ತು ವರ್ಷ ಮಾಡಿದ ಕೆಲಸ ಹೋಯಿತು. ಈಗ ಬೇರೆಯವರ ಒಲೆಯ ಪಕ್ಕ ಕೂತು ಬೆನ್ನಿನ ಗೆರೆ ತಪ್ಪಿದರೆ ಬೆರಳಿಟ್ಟು ತೋರಿಸುತ್ತಾಳೆ. ತೋರಿಸುವಾಗ ಅವಳ ತುಟಿ ತಾನಾಗಿ ಊದುವ ಹಾಗೆ ಮುಂದೆ ಬರುತ್ತದೆ. ನೋಡಲಾಗುವುದಿಲ್ಲ.

ಇನ್ನು ಆ ಸಭೆ. ಇಂಥ ಗಡ್ಡೆಯ ಜೀನ್ ಓದಿ ಮದ್ದು ಕೊಟ್ಟದ್ದು ತಮ್ಮಲ್ಲಿ ಇದೇ ಮೊದಲು ಅಂತ ಆಸ್ಪತ್ರೆಯವರಿಗೆ ಹೆಮ್ಮೆ. ತುಮಿಯನ್ನೂ ಕರೆಸಿದ್ದರು. ಪರದೆಯ ಮೇಲೆ ಆ ಮೂಢನಂಬಿಕೆಯ ಸಾಲು ಇದ್ದಾಗಲೇ ಉಪನಿರ್ದೇಶಕರು ಕಾಗದ ನೋಡಿ ಮೈಕಿನಲ್ಲಿ ಕರೆದರು: "ಈಗ ಶ್ರೀಮತಿ ರೆತ್ನಾನಿಂಗ್ರುಮ್ ಅವರು ವೇದಿಕೆಗೆ ಬರಬೇಕು."

ತುಮಿ ಕೂತೇ ಇದ್ದಳು. ಬುದೆ ಮಣಿಕಟ್ಟು ಹಿಡಿಯಲೂ ಇಲ್ಲ.

"ರೆತ್ನಾನಿಂಗ್ರುಮ್ ಅವರು?"

ಸಭೆಯಲ್ಲಿ ಕತ್ತುಗಳು ತಿರುಗಿದವು. ಮೂರನೇ ಸಲ ಕರೆದು ಉಪನಿರ್ದೇಶಕರು ಪಕ್ಕದವರ ಕಡೆ ಬಗ್ಗಿದರು: "ಬಂದಿಲ್ವೇನೋ."

"ಕಾಂಗ್," ಅಂದಳು ತುಮಿ, ಎಲ್ಲರಿಗೂ ಕೇಳುವ ಹಾಗೆ, "ಮೂರು ಸಲ ಆಯ್ತು. ಇನ್ನು ಫೈಲು ಮುಚ್ತಾರೆ ನೋಡು."

ಮುಂದಿನ ಸಾಲಿನಿಂದ ಡಾಕ್ಟರು ಸಿಹೊಂಬಿಂಗ್ ಎದ್ದು ನಿಂತಳು. "ಬು ತುಮಿ, ಬನ್ನಿ."

ಆಗ ಎದ್ದಳು. ವೇದಿಕೆಗೆ ನಾಲ್ಕು ಮೆಟ್ಟಿಲು. ಎರಡನೆಯದರಲ್ಲಿ ನಿಂತು ಉಸಿರು ತೆಗೆದುಕೊಂಡಳು, ಇಡೀ ಸಭೆ ಕಾಯಿತು. ಉಪನಿರ್ದೇಶಕರು ನಗುತ್ತಾ ಅವಳ ಕೈಗೆ ಕಾಣಿಕೆ ಕೊಟ್ಟರು. ಹೊಳೆಯುವ ಕಾಗದದಲ್ಲಿ ಸುತ್ತಿದ ಕೆಂಪು ಬಾತಿಕ್ ಬಟ್ಟೆ, ಹಕ್ಕಿ, ಬಳ್ಳಿ. ಫೋಟೊದವನು ಬಂದ. ತುಮಿ ಬಟ್ಟೆ ಬಿಡಿಸಿ ಅಭ್ಯಾಸದಂತೆ ಮೊದಲು ತಿರುಗಿಸಿದಳು. ಬೆನ್ನು ಬೆಳ್ಳಗಿತ್ತು. ಮಿಲ್ಲಿನಲ್ಲಿ ಅಚ್ಚೊತ್ತಿದ ಬಟ್ಟೆ.

ಅವಳು ಆ ಬಿಳಿ ಮಗ್ಗುಲನ್ನು ಸಭೆಯ ಕಡೆ ಹಿಡಿದ ಹಾಗೇ ಮೈಕಿನ ಹತ್ತಿರ ಬಗ್ಗಿದಳು.

"ನಾಲ್ಕು ತಿಂಗಳು ನೀವು ಕರೆದ್ರಿ, ನಾನು ಓಗೊಡಲಿಲ್ಲ. ಅದನ್ನ ಬರೆದಿದ್ದೀರಿ, ಸರಿಯಾಗಿದೆ. ಮೂರು ತಿಂಗಳು ನಾನು ಕರೆದೆ, ನೀವು ಓಗೊಡಲಿಲ್ಲ. ಅದು ಎಲ್ಲೂ ಬರೆದಿಲ್ಲ." ಉಸಿರು ನಿಂತಿತು. ಮತ್ತೆ ಎಳೆದುಕೊಂಡಳು. "ಎರಡೂ ಕಡೆ ಬರೀರಿ."

ಬಟ್ಟೆಯನ್ನು ಮಡಚಿ, ಬಿಳಿ ಮಗ್ಗುಲು ಮೇಲೆ ಬರುವ ಹಾಗೆ ಅವರ ಮೇಜಿನ ಮೇಲಿಟ್ಟು, ಒಂದೊಂದೇ ಮೆಟ್ಟಿಲು ಇಳಿದು ಬಂದಳು. ಪರದೆಯ ಮೇಲೆ ಆ ಸಾಲು ಹಾಗೇ ಇತ್ತು. ಯಾರೋ ಓಡಿಹೋಗಿ ಯಂತ್ರ ಆರಿಸಿದರು.